ವಾಚ್ ತೋರಿಸುವ ಕ್ಯಾಲೋರಿ ನಂಬಿಕೊಂಡು ಊಟ ಮಾಡಬಹುದಾ?

ಪ್ರಶ್ನೆ: ಮೇಡಂ, ನನಗೆ 38 ವರ್ಷ. ಎತ್ತರ 158 ಸೆಂ.ಮೀ., ತೂಕ 74 ಕೆಜಿ. ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದೇನೆ. ತೂಕ ಇಳಿಸಬೇಕು ಅಂತ ಎರಡು ತಿಂಗಳ ಹಿಂದೆ ನನ್ನ ತಮ್ಮ ಒಂದು ಫಿಟ್‌ನೆಸ್ ವಾಚ್ ಕೊಡಿಸಿದ. ದಿನಕ್ಕೆ ಸರಾಸರಿ 2,350 ಕ್ಯಾಲೋರಿ ಖರ್ಚಾಗುತ್ತಿದೆ ಎಂದು ಅದು ತೋರಿಸುತ್ತದೆ. ತಿಂದದ್ದನ್ನೆಲ್ಲ ಮೊಬೈಲ್ ಆ್ಯಪ್‌ನಲ್ಲಿ ಬರೆಯುತ್ತೇನೆ. ಅದು ಸರಾಸರಿ 1,600 ಬರುತ್ತದೆ. ಜಾಸ್ತಿ ನಡೆದ ದಿನ ಆ್ಯಪ್ "ಇನ್ನೂ ಇಷ್ಟು ತಿನ್ನಬಹುದು" ಅನ್ನುತ್ತದೆ, ಅವತ್ತು ಸ್ವಲ್ಪ ಜಾಸ್ತಿ ತಿನ್ನುತ್ತೇನೆ. ಲೆಕ್ಕ ಹಾಕಿದರೆ ಇಷ್ಟು ಹೊತ್ತಿಗೆ ಆರು ಕೆಜಿ ಇಳಿಯಬೇಕಿತ್ತು. ಇಳಿದದ್ದು ಒಂದೇ ಕೆಜಿ. ವಾಚ್ ಸುಳ್ಳು ಹೇಳುತ್ತಿದೆಯಾ, ಇಲ್ಲ ನನ್ನ ದೇಹದಲ್ಲೇ ಏನಾದರೂ ದೋಷ ಇದೆಯಾ? ಇನ್ನೂ ದುಬಾರಿ ವಾಚ್ ತಗೊಂಡರೆ ಸರಿಹೋಗುತ್ತಾ? ಅಮ್ಮನಿಗೆ 66 ವರ್ಷ, ಬಿಪಿ, ಶುಗರ್ ಎರಡೂ ಇವೆ. ಅವರಿಗೂ ಒಂದು ಕೊಡಿಸಬಹುದಾ?

ಉತ್ತರ: ನೀವು ಕೊಟ್ಟಿರುವ ಅಂಕಿ ನೋಡಿದರೆ ನಿಮ್ಮ ದೇಹ ಸರಿಯಾಗಿಯೇ ಕೆಲಸ ಮಾಡುತ್ತಿದೆ ಅನ್ನಿಸುತ್ತದೆ. ತಪ್ಪಿರುವುದು ಲೆಕ್ಕ. ಅದೂ ಒಂದು ಕಡೆಯಲ್ಲ, ಎರಡು ಕಡೆ. ವಾಚ್ ಖರ್ಚನ್ನು ಜಾಸ್ತಿ ತೋರಿಸುತ್ತಿದೆ, ಆ್ಯಪ್ ಊಟವನ್ನು ಕಡಿಮೆ ತೋರಿಸುತ್ತಿದೆ. ಇಷ್ಟಾದರೂ ಎರಡು ತಿಂಗಳು ನೀವು ಬಿಡದೆ ಬರೆದಿಟ್ಟಿದ್ದೀರಲ್ಲ, ಅದು ತುಂಬಾ ಉಪಯೋಗದ ಮಾಹಿತಿ. ಅದನ್ನು ಹೇಗೆ ಬಳಸಬೇಕು ಅಂತ ಹೇಳುತ್ತೇನೆ. ಅದಕ್ಕೂ ಮುಂಚೆ ಆ 2,350 ಎಲ್ಲಿಂದ ಬಂತು ಅಂತ ನೋಡೋಣ.

ಒಬ್ಬ ಮನುಷ್ಯ ಎಷ್ಟು ಕ್ಯಾಲೋರಿ ಖರ್ಚು ಮಾಡುತ್ತಾನೆ ಎಂದು ನಿಜವಾಗಿ ಅಳೆಯುವುದು ದೊಡ್ಡ ಕೆಲಸ. ಮುಖಕ್ಕೆ ಮಾಸ್ಕ್ ಹಾಕಿ ಅಥವಾ ಗಾಳಿಯ ಲೆಕ್ಕ ಇಡುವ ಕೋಣೆಯಲ್ಲಿ ಕೂರಿಸಿ, ಎಷ್ಟು ಆಮ್ಲಜನಕ ಒಳಗೆ ಹೋಯಿತು, ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಗೆ ಬಂತು ಎಂದು ಅಳೆಯಬೇಕು. ಮನೆಯಲ್ಲಿ ಎಂದಿನಂತೆ ಓಡಾಡಿಕೊಂಡಿರುವವರಿಗೆ ಇನ್ನೊಂದು ವಿಧಾನವಿದೆ. ತೂಕ ಹೆಚ್ಚಿರುವ ಜಲಜನಕ ಮತ್ತು ಆಮ್ಲಜನಕದ ಪರಮಾಣುಗಳಿರುವ ವಿಶೇಷ ನೀರು ಕುಡಿಸಿ, ಒಂದೆರಡು ವಾರ ಮೂತ್ರದ ಸ್ಯಾಂಪಲ್ ತೆಗೆದು ಲೆಕ್ಕ ಹಾಕುತ್ತಾರೆ. 1980ರ ದಶಕದಿಂದ ಇದನ್ನು ಮನುಷ್ಯರ ಮೇಲೆ ಬಳಸುತ್ತಿದ್ದಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲೂ ಇಂಥ ಸಂಶೋಧನೆ ನಡೆದಿದೆ.

ನಿಮ್ಮ ಕೈಯಲ್ಲಿರುವ ವಾಚ್ ಇವೆರಡನ್ನೂ ಮಾಡುವುದಿಲ್ಲ. ಅದಕ್ಕೆ ಗೊತ್ತಿರುವುದು ಮುಖ್ಯವಾಗಿ ಮೂರು ಸಂಗತಿ. ಕೈ ಎಷ್ಟು ಅಲುಗಿತು, ಹಸಿರು ಬೆಳಕಿನಲ್ಲಿ ಕಂಡ ನಾಡಿ ಬಡಿತ ಎಷ್ಟು, ಮತ್ತೆ ನೀವೇ ತುಂಬಿಸಿದ ವಯಸ್ಸು, ಎತ್ತರ, ತೂಕ. ಕ್ಯಾಲೋರಿ ಎಂಬುದನ್ನು ಅದು ಅಳೆಯುವುದಿಲ್ಲ, ಇವುಗಳಿಂದ ಅಂದಾಜು ಮಾಡುತ್ತದೆ.

ಆ ಅಂದಾಜಿನ ದೊಡ್ಡ ಪಾಲು ನಿಮ್ಮ ಓಡಾಟದ್ದೂ ಅಲ್ಲ. ಸುಮ್ನೆ ಮಲಗಿದ್ದರೂ ಹೃದಯ, ಮೆದುಳು, ಲಿವರ್, ಕಿಡ್ನಿ ನಡೆಯಲು ಬೇಕಾಗುವ ಶಕ್ತಿ ಇದೆಯಲ್ಲ, ಹೆಚ್ಚು ಮೈಮುರಿಯುವ ಕೆಲಸ ಇಲ್ಲದವರಲ್ಲಿ ದಿನದ ಖರ್ಚಿನ ಅರ್ಧಕ್ಕಿಂತ ಜಾಸ್ತಿ ಅದೇ. ಇದನ್ನು ವಾಚ್ ಸೂತ್ರ ಹಾಕಿ ತೆಗೆಯುತ್ತದೆ. ಕೆಲವು ಆ್ಯಪ್‌ಗಳಂತೂ ವಾಚ್ ಬಿಚ್ಚಿ ಮೇಜಿನ ಮೇಲಿಟ್ಟರೂ ಈ ಅಂಕಿಯನ್ನು ಕೂಡಿಸುತ್ತಲೇ ಇರುತ್ತವೆ. ಇಂಥ ಸೂತ್ರಗಳಲ್ಲಿ ಹೆಸರಾದ ಒಂದು 1919ರಲ್ಲಿ, ಇನ್ನೊಂದು 1990ರಲ್ಲಿ, ಎರಡೂ ಅಮೆರಿಕದಲ್ಲಿ ತಯಾರಾದವು. 1990ರ ಸೂತ್ರಕ್ಕೆ ನಿಮ್ಮ ವಯಸ್ಸು, ಎತ್ತರ, ತೂಕ ಹಾಕಿದರೆ ದಿನಕ್ಕೆ ಸುಮಾರು 1,375 ಬರುತ್ತದೆ.

ಇಲ್ಲಿ ನಮ್ಮವರು ಗಮನಿಸಬೇಕಾದ ವಿಷಯ ಒಂದಿದೆ. ಸೇಂಟ್ ಜಾನ್ಸ್‌ನಲ್ಲೇ ಶೆಟ್ಟಿ, ಸೋರೆಸ್ ಮತ್ತಿತರ ಸಂಶೋಧಕರು 1980, 90ರ ದಶಕಗಳಲ್ಲಿ ಭಾರತೀಯರ ಮೇಲೆ ಅಳತೆ ಮಾಡಿದರು. ಅಂತರರಾಷ್ಟ್ರೀಯ ಸೂತ್ರಗಳು ನಮ್ಮವರ ಖರ್ಚನ್ನು ಇರುವುದಕ್ಕಿಂತ ಜಾಸ್ತಿ ಹೇಳುತ್ತವೆ ಎಂಬುದು ಅವರಿಗೆ ಕಂಡುಬಂತು. ಮೈಯಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು ಅನ್ನುವುದರ ಮೇಲೆ ಖರ್ಚು ನಿಂತಿದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಹಾಕಿ ಇದನ್ನು ತೋರಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ಎತ್ತರ, ತೂಕ ಮಾತ್ರ ಗೊತ್ತಿರುವ ವಾಚ್‌ಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಹಾಗಾಗಿ ನಿಮ್ಮ ವಿಶ್ರಾಂತಿಯ ಖರ್ಚನ್ನು ನಾನು 1,300ರ ಹತ್ತಿರ ಇಟ್ಟುಕೊಳ್ಳುತ್ತೇನೆ.

ಇನ್ನು ಓಡಾಟದ ಪಾಲು. ಮಣಿಕಟ್ಟು ಅಲುಗಿದ್ದೆಲ್ಲ ನಡಿಗೆಯಲ್ಲ. ಬೋರ್ಡ್ ಮೇಲೆ ಬರೆದದ್ದು, ಚಪಾತಿ ಲಟ್ಟಿಸಿದ್ದು, ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟಿ ಓಡಿಸಿದ್ದು ಕೂಡ ಕೆಲವೊಮ್ಮೆ ಹೆಜ್ಜೆಯಾಗಿ ಲೆಕ್ಕಕ್ಕೆ ಸೇರುತ್ತದೆ. ಎರಡೂ ಕೈಯಲ್ಲಿ ಸಂತೆಯ ಚೀಲ ಹಿಡಿದು ಅರ್ಧ ಗಂಟೆ ನಡೆದರೆ ಅದೇ ವಾಚ್ ಹೆಜ್ಜೆಗಳನ್ನು ಬಿಟ್ಟುಬಿಡಬಹುದು. ನಾಡಿ ಬಡಿತದ ಕಥೆಯೂ ಹಾಗೇ. ಏಪ್ರಿಲ್ ತಿಂಗಳ ಸೆಕೆಗೆ ಹೃದಯ ಜೋರಾಗಿ ಬಡಿಯುತ್ತದೆ. ಕಾಫಿ ಕುಡಿದರೂ ಬಡಿಯುತ್ತದೆ, ಗಾಬರಿಯಾದರೂ ಬಡಿಯುತ್ತದೆ. ಹಾಗಂತ ಅಷ್ಟೇ ಪ್ರಮಾಣದಲ್ಲಿ ಕ್ಯಾಲೋರಿ ಖರ್ಚಾಗಿರುವುದಿಲ್ಲ.

2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಜನರಿಗೆ ಏಳು ಬಗೆಯ ವಾಚ್, ಬ್ಯಾಂಡ್‌ಗಳನ್ನು ಕಟ್ಟಿ, ನಡೆಸಿ, ಓಡಿಸಿ, ಸೈಕಲ್ ತುಳಿಸಿ ಪರೀಕ್ಷೆ ಮಾಡಿದರು. ನಾಡಿ ಬಡಿತದಲ್ಲಿ ಏಳರಲ್ಲಿ ಆರು ಚೆನ್ನಾಗಿಯೇ ಇದ್ದವು, ತಪ್ಪು ಶೇ. 5ರ ಒಳಗೆ. ಕ್ಯಾಲೋರಿಗೆ ಬಂದಾಗ ಎಲ್ಲವೂ ಎಡವಿದವು. ಎಲ್ಲಕ್ಕಿಂತ ಒಳ್ಳೆಯದರ ತಪ್ಪೇ ಸರಾಸರಿ ಶೇ. 27. ಕೊನೆಯ ಸ್ಥಾನದ್ದು ಶೇ. 93. ಆಮೇಲೆ ಹೊಸ ಮಾಡೆಲ್‌ಗಳು ಬಂದಿವೆ, ನಿಜ. ಆದರೆ ಕೈಯ ಅಲುಗಾಟ ಮತ್ತು ನಾಡಿಯಿಂದ ಅಂದಾಜು ಮಾಡುವ ದಾರಿ ಬದಲಾಗಿಲ್ಲ. ಅದಕ್ಕೇ, ದುಬಾರಿ ವಾಚ್‌ಗೆ ಮತ್ತೆ ದುಡ್ಡು ಹಾಕಬೇಡಿ.

ಕೆಲವು ಕಂಪನಿಗಳು ಇನ್ನೂ ಮುಂದೆ ಹೋಗಿ, ನೀವು ತಿಂದ ಕ್ಯಾಲೋರಿಯನ್ನೇ ಮಣಿಕಟ್ಟಿನಿಂದ ಅಳೆಯುತ್ತೇವೆ ಅನ್ನುತ್ತವೆ. ಅಂಥ ಒಂದು ಬ್ಯಾಂಡನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ದಿನದ ಊಟದ ಲೆಕ್ಕದಲ್ಲಿ ಒಂದು ಕಡೆಗೆ 1,400, ಇನ್ನೊಂದು ಕಡೆಗೆ ಸುಮಾರು 1,200 ಕ್ಯಾಲೋರಿವರೆಗೂ ವ್ಯತ್ಯಾಸ ಬರಬಹುದು ಎಂದು ಕಂಡಿತು. ನಿಮ್ಮ ಇಡೀ ದಿನದ ಊಟ 1,600 ಅಂತ ಬರೆದಿದ್ದೀರಿ. ಅದರ ಮುಂದೆ ಇಷ್ಟು ದೊಡ್ಡ ತಪ್ಪಿರುವ ಅಂಕಿಯಿಂದ ಏನು ಪ್ರಯೋಜನ?

ಈಗ ಊಟದ ಕಡೆ ಬರೋಣ. ಇದನ್ನು ಆರೋಪ ಅಂತ ದಯವಿಟ್ಟು ತಗೊಬೇಡಿ. 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. "ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ" ಅನ್ನುವವರನ್ನೇ ಆರಿಸಿಕೊಂಡು ವಿಶೇಷ ನೀರಿನ ವಿಧಾನದಲ್ಲಿ ಅಳೆದರು. ಅವರು ತಿಂದದ್ದನ್ನು ಸರಾಸರಿ ಶೇ. 47 ಕಡಿಮೆ ಹೇಳಿದ್ದರು, ಮಾಡಿದ ಕೆಲಸವನ್ನು ಶೇ. 51 ಜಾಸ್ತಿ ಹೇಳಿದ್ದರು. ಅವರ ದೇಹದ ಖರ್ಚು ಮಾತ್ರ ಸರಿಯಾಗಿಯೇ ಇತ್ತು. ಬೇಕಂತಲೇ ಸುಳ್ಳು ಹೇಳಿದರು ಅಂತ ನಾನು ಅಂದುಕೊಳ್ಳುವುದಿಲ್ಲ. ಊಟದ ಲೆಕ್ಕ ಇಡುವುದು ಅಷ್ಟು ಕಷ್ಟ, ಅದರಲ್ಲೂ ನಮ್ಮ ಅಡುಗೆಯಲ್ಲಿ.

ಯಾಕೆ ಅಂದರೆ ನಮ್ಮ ಅಡುಗೆಯಲ್ಲಿ ಕ್ಯಾಲೋರಿ ಕಣ್ಣಿಗೆ ಕಾಣುವಂತೆ ಇರುವುದಿಲ್ಲ. ಒಗ್ಗರಣೆಯ ಎಣ್ಣೆ ಪಲ್ಯದಲ್ಲಿ ಸೇರಿಹೋಗುತ್ತದೆ. ಶೇಂಗಾ ಚಟ್ನಿಯನ್ನು ಆ್ಯಪ್‌ನಲ್ಲಿ "ಒಂದು ಚಮಚ" ಅಂತ ಬರೆಯುತ್ತೇವೆ. ರೊಟ್ಟಿಯ ಜೊತೆ ಹಾಕಿಸಿಕೊಂಡದ್ದು ಮೂರು ಚಮಚ. ಮಕ್ಕಳ ತಟ್ಟೆಯಲ್ಲಿ ಉಳಿದದ್ದು, ಸ್ಟಾಫ್ ರೂಮಿನಲ್ಲಿ ಯಾರದೋ ಹುಟ್ಟುಹಬ್ಬದ ಸಿಹಿ, ರುಚಿ ನೋಡಲು ಬಾಯಿಗೆ ಹಾಕಿಕೊಂಡದ್ದು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಆ್ಯಪ್‌ನಲ್ಲಿ "ಉಪ್ಪಿಟ್ಟು, ಒಂದು ಬಟ್ಟಲು" ಅಂತ ಇರುತ್ತದೆ. ಯಾರ ಮನೆ ಬಟ್ಟಲು? ಎಷ್ಟು ಎಣ್ಣೆ ಹಾಕಿದ ಉಪ್ಪಿಟ್ಟು? ಅದು ಹೇಳುವುದಿಲ್ಲ.

ಇದಕ್ಕೆ ನಾನು ಹೇಳಿಕೊಡುವ ಉಪಾಯ ಎಣ್ಣೆಯ ತಿಂಗಳ ಲೆಕ್ಕ. ಆ್ಯಪ್‌ಗಿಂತ ಇದನ್ನೇ ನಾನು ಹೆಚ್ಚು ನಂಬುತ್ತೇನೆ. ತಿಂಗಳ ಮೊದಲ ದಿನ ಮನೆಯಲ್ಲಿ ಎಷ್ಟು ಎಣ್ಣೆ ಇತ್ತು, ಎಷ್ಟು ಕೊಂಡಿರಿ, ಕೊನೆಯ ದಿನ ಎಷ್ಟು ಉಳಿಯಿತು, ಅಷ್ಟು ಬರೆದಿಡಿ. ಒಂದು ಲೀಟರ್ ಅಡುಗೆ ಎಣ್ಣೆ ಅಂದರೆ ಸುಮಾರು 8,200 ಕ್ಯಾಲೋರಿ. ನಾಲ್ಕು ಜನರ ಮನೆಯಲ್ಲಿ ನಾಲ್ಕು ಲೀಟರ್ ಮುಗಿದರೆ ತಲೆಗೆ ಒಂದು ಲೀಟರ್, ಅಂದರೆ ದಿನಕ್ಕೆ ಸುಮಾರು 270 ಕ್ಯಾಲೋರಿ ಎಣ್ಣೆಯಿಂದಲೇ. ತುಪ್ಪ, ಬೆಣ್ಣೆ, ಹೊರಗೆ ತಿಂದ ಬೋಂಡಾ, ಮಿರ್ಚಿ ಇದರಲ್ಲಿ ಸೇರಿಲ್ಲ. ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಸೂಚಿಸುವ 2,000 ಕ್ಯಾಲೋರಿಯ ಮಾದರಿ ಊಟದಲ್ಲಿ ಎಣ್ಣೆ, ತುಪ್ಪ ಎಲ್ಲ ಸೇರಿ ದಿನಕ್ಕೆ 27 ಗ್ರಾಂ ಮಾತ್ರ. ತಿಂಗಳಿಗೆ 900 ಮಿಲಿಲೀಟರ್ ಅಂತ ಇಟ್ಟುಕೊಳ್ಳಿ. ನಿಮ್ಮ ಊಟ 1,600 ಅಂದರೆ ಅದಕ್ಕಿಂತಲೂ ಕಡಿಮೆ ಇರಬೇಕು. ಈ ಲೆಕ್ಕ ಹಾಕಿದ ಮೇಲೆ ಆ್ಯಪ್‌ನಲ್ಲಿ ನೀವು ಬರೆದಿರುವ ಎಣ್ಣೆಯನ್ನು ಕೂಡಿಸಿ ನೋಡಿ. ಎರಡರ ನಡುವಿನ ವ್ಯತ್ಯಾಸವೇ ಅರ್ಧ ಉತ್ತರ ಕೊಡುತ್ತದೆ.

ಧಾನ್ಯಕ್ಕೆ ಅಡುಗೆಮನೆಯ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಬೇಯಿಸುವ ಮುಂಚೆ ತೂಕ ಮಾಡಿ. ನೂರು ಗ್ರಾಂ ರಾಗಿ ಹಿಟ್ಟು ಸುಮಾರು 320 ಕ್ಯಾಲೋರಿ, ನೂರು ಗ್ರಾಂ ಅಕ್ಕಿ ಸುಮಾರು 350. ಮುದ್ದೆ ತಿಂದರೆ ತೂಕ ಇಳಿಯುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ ಇದೆ, ತಿನ್ನಿ, ಒಳ್ಳೆಯದು. ಆದರೆ ಕ್ಯಾಲೋರಿಯ ಮಟ್ಟಿಗೆ ಅನ್ನಕ್ಕೂ ಅದಕ್ಕೂ ದೊಡ್ಡ ಅಂತರ ಇಲ್ಲ. ಮುದ್ದೆಯ ಗಾತ್ರವೇ ಮುಖ್ಯ. ಹೀಗೆ ಒಂದು ವಾರ, ಹತ್ತು ದಿನ ತೂಕ ಮಾಡಿದರೆ ಸಾಕು, ಕಣ್ಣಿಗೆ ಅಂದಾಜು ಬಂದುಬಿಡುತ್ತದೆ. ವರ್ಷಪೂರ್ತಿ ಗ್ರಾಂ ಲೆಕ್ಕದಲ್ಲಿ ಬದುಕಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಈಗ ನಿಮ್ಮ ಎರಡು ತಿಂಗಳ ಅಂಕಿಗಳನ್ನು ಬಳಸೋಣ. ವಾಚ್ 2,350, ಆ್ಯಪ್ 1,600. ದಿನಕ್ಕೆ 750 ಕೊರತೆ ಬೀಳಬೇಕಿತ್ತು. ಒಂದು ಕೆಜಿ ಮೈಕೊಬ್ಬಿಗೆ ಸುಮಾರು 7,700 ಕ್ಯಾಲೋರಿ ಅಂತ ಹಿಡಿದರೆ 60 ದಿನಕ್ಕೆ ಆರು ಕೆಜಿ ಹತ್ತಿರ. ನಿಮ್ಮ ಲೆಕ್ಕ ಸರಿ. ಆದರೆ ಇಳಿದದ್ದು ಒಂದು ಕೆಜಿ. ಅಂದರೆ ನಿಜವಾದ ಕೊರತೆ ದಿನಕ್ಕೆ ಸುಮಾರು 130 ಮಾತ್ರ. ಉಳಿದ 620 ವಾಚ್ ಮತ್ತು ಆ್ಯಪ್ ಸೇರಿ ಮಾಡಿದ ತಪ್ಪು. ನನ್ನ ಅಂದಾಜಿನಲ್ಲಿ ನಿಮ್ಮ ನಿಜವಾದ ಖರ್ಚು 1,850ರಿಂದ 2,050ರ ನಡುವೆ ಎಲ್ಲೋ ಇದೆ. 1,950 ಅಂತ ಇಟ್ಟುಕೊಂಡರೆ ವಾಚ್ 400 ಜಾಸ್ತಿ ಹೇಳುತ್ತಿದೆ, ಆ್ಯಪ್‌ನಲ್ಲಿ 220 ಬಿಟ್ಟುಹೋಗುತ್ತಿದೆ. ಎರಡೂ ತೀರಾ ಸಾಮಾನ್ಯ ತಪ್ಪುಗಳು.

ಯಾರ ತಪ್ಪು ಎಷ್ಟು ಎಂದು ಪಕ್ಕಾ ಗೊತ್ತಾಗದಿದ್ದರೂ ಪರವಾಗಿಲ್ಲ. ಅಂಗಡಿಯ ತಕ್ಕಡಿ ಪ್ರತಿ ಸಲ ಇನ್ನೂರು ಗ್ರಾಂ ಜಾಸ್ತಿ ತೋರಿಸಿದರೂ ಎರಡು ಕುಂಬಳಕಾಯಿಯಲ್ಲಿ ಯಾವುದು ದೊಡ್ಡದು ಅಂತ ಹೇಳಬಲ್ಲದು. ನಿಮ್ಮ ವಾಚ್ ಕೂಡ ಹಾಗೇ. ಅದರ 2,350ಕ್ಕೆ ಸ್ವಂತ ಬೆಲೆ ಇಲ್ಲ. ಹೋದ ವಾರ 2,250 ಇತ್ತು, ಈ ವಾರ 2,350 ಆಯಿತು ಅಂದರೆ ಓಡಾಟ ಹೆಚ್ಚಿದೆ ಅನ್ನುವುದಕ್ಕೆ ಬೆಲೆ ಇದೆ. ಕೊನೆಯ ತೀರ್ಪು ತೂಕದ ಮಷಿನ್ ಮತ್ತು ಸೊಂಟದ ಟೇಪಿನದು. ವಾಚ್‌ನದಲ್ಲ.

ಇಲ್ಲಿಂದ ಮುಂದೆ ಏನು ಮಾಡಬೇಕು? ಮೊದಲನೆಯದು, ವಾಚ್ ಹೇಳಿತು ಅಂತ ಜಾಸ್ತಿ ತಿನ್ನುವುದನ್ನು ಇವತ್ತೇ ನಿಲ್ಲಿಸಿ. ಆ್ಯಪ್ ಸೆಟ್ಟಿಂಗ್‌ನಲ್ಲಿ ವ್ಯಾಯಾಮದ ಕ್ಯಾಲೋರಿಯನ್ನು ಊಟಕ್ಕೆ ಕೂಡಿಸುವ ಆಯ್ಕೆ ಇದ್ದರೆ ಆಫ್ ಮಾಡಿ. ನನ್ನ ಉತ್ತರದಲ್ಲಿ ಒಂದೇ ಮಾತು ಉಳಿಸಿಕೊಳ್ಳುವುದಾದರೆ ಇದನ್ನು ಉಳಿಸಿಕೊಳ್ಳಿ. ನೀವು ಅರ್ಧ ಗಂಟೆ ಸಾಧಾರಣ ವೇಗದಲ್ಲಿ ನಡೆದರೆ ಒಟ್ಟು 120 ಕ್ಯಾಲೋರಿ ಖರ್ಚಾಗುತ್ತದೆ. ಅದರಲ್ಲಿ ಮೂವತ್ತು ಚಿಲ್ಲರೆ ಸುಮ್ನೆ ಕೂತಿದ್ದರೂ ಆಗುತ್ತಿತ್ತು. ನಡಿಗೆಯ ಲೆಕ್ಕಕ್ಕೆ ನಿಜವಾಗಿ ಸಿಗುವುದು 85, 90. ಒಂದು ದೊಡ್ಡ ಚಮಚ ಬೆಣ್ಣೆಗೆ 100. ನೀವಿರುವುದು ದಾವಣಗೆರೆ. ಬೆಣ್ಣೆ ದೋಸೆಯ ಮೇಲೆ ಎಷ್ಟು ಚಮಚ ಬೀಳುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ದೋಸೆ ಬಿಡಿ ಅನ್ನುತ್ತಿಲ್ಲ. ತಿಂಗಳಿಗೊಂದು ಸಲ ಖುಷಿಯಾಗಿ ತಿನ್ನಿ. ಬೆಳಿಗ್ಗೆ ನಡೆದಿದ್ದೇನಲ್ಲ ಅನ್ನುವ ಲೆಕ್ಕದಲ್ಲಿ ತಿನ್ನಬೇಡಿ.

ಈ ಮಾತಿನ ಮೇಲೆ ಇಷ್ಟು ಒತ್ತು ಕೊಡಲು ಕಾರಣವಿದೆ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಜಾನ್ ಜಕಿಸಿಕ್ ಮತ್ತು ಅವರ ತಂಡ 18ರಿಂದ 35 ವರ್ಷದ ಸುಮಾರು 470 ಜನರನ್ನು ಎರಡು ವರ್ಷ ಗಮನಿಸಿತು. ಎಲ್ಲರಿಗೂ ಮೊದಲ ಆರು ತಿಂಗಳು ಊಟ, ವ್ಯಾಯಾಮದ ಒಂದೇ ರೀತಿಯ ಮಾರ್ಗದರ್ಶನ. ಆಮೇಲೆ ಒಂದು ಗುಂಪಿಗೆ ತೋಳಿಗೆ ಕಟ್ಟುವ ಕ್ಯಾಲೋರಿ ಮಾನಿಟರ್ ಕೊಟ್ಟರು. ಅದು ಆಗಿನ ಕಾಲಕ್ಕೆ ಉತ್ತಮ ಯಂತ್ರ. ಅಲುಗಾಟದ ಜೊತೆ ಚರ್ಮದ ಬಿಸಿ, ಬೆವರನ್ನೂ ಗಮನಿಸುತ್ತಿತ್ತು. ಇನ್ನೊಂದು ಗುಂಪು ತಾವೇ ಬರೆದಿಟ್ಟುಕೊಂಡು ಮುಂದುವರಿಯಿತು. 2016ರಲ್ಲಿ ಬಂದ ಫಲಿತಾಂಶ ನೋಡಿ. ಮಾನಿಟರ್ ಕಟ್ಟಿದವರು ಇಳಿಸಿದ್ದು 3.5 ಕೆಜಿ, ಕಟ್ಟದವರು 5.9 ಕೆಜಿ. ಕಾರಣ ಇಂಥದ್ದೇ ಎಂದು ಆ ಅಧ್ಯಯನ ಸಾಬೀತು ಮಾಡಿಲ್ಲ. ಆದರೆ ಸಲಹೆಗೆ ಬರುವವರಲ್ಲಿ ನಾನು ಮತ್ತೆ ಮತ್ತೆ ಕಾಣುವುದು ಇದನ್ನೇ. ಕೈಮೇಲೆ ದೊಡ್ಡ ಅಂಕಿ ಕಂಡ ತಕ್ಷಣ ಇವತ್ತು ತಿನ್ನಬಹುದು ಅನ್ನಿಸುತ್ತದೆ. ಚಿಕ್ಕ ಅಂಕಿ ಕಂಡರೆ ಇವತ್ತಿನ ದಿನ ಹೋಯಿತು ಅಂತ ಕೈಬಿಡುತ್ತಾರೆ. ಎರಡರಿಂದಲೂ ನಷ್ಟ.

ಹಾಗಂತ ವಾಚ್ ಬಿಸಾಡಿ ಅನ್ನುವುದೂ ತಪ್ಪು. 2022ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದವರು ಇಂಥ ಸಾಧನಗಳ ಬಗ್ಗೆ ಆಗಿರುವ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. ಕಟ್ಟಿಕೊಂಡವರು ದಿನಕ್ಕೆ ಸುಮಾರು 1,800 ಹೆಜ್ಜೆ ಜಾಸ್ತಿ ನಡೆದರು, ತೂಕ ಸುಮಾರು ಒಂದು ಕೆಜಿ ಇಳಿಯಿತು. ಅಂದರೆ ವಾಚ್‌ನ ಕೆಲಸ ನಮ್ಮನ್ನು ಎಬ್ಬಿಸಿ ನಡೆಸುವುದು. ಅದನ್ನು ಚೆನ್ನಾಗಿಯೇ ಮಾಡುತ್ತದೆ. ತೂಕ ಇಳಿಸುವ ದೊಡ್ಡ ಕೆಲಸ ತಟ್ಟೆಯದು.

ಎರಡನೆಯದು, ಈಗ ನಿಜವಾಗಿ ತಿನ್ನುತ್ತಿರುವುದರಲ್ಲಿ ದಿನಕ್ಕೆ 300 ಕ್ಯಾಲೋರಿಯಷ್ಟು ಕಡಿಮೆ ಮಾಡಿ. ಆ್ಯಪ್‌ನ ಅಂಕಿ ನೋಡಿಕೊಂಡಲ್ಲ, ಅಡುಗೆಮನೆಯಲ್ಲೇ. ಉದಾಹರಣೆಗೆ ಎರಡು ಟೀ ಚಮಚ ಎಣ್ಣೆ ಕಡಿಮೆಯಾದರೆ 90. ಮೂರು ಸಲ ಕಾಫಿ ಕುಡಿಯುವವರು ಎರಡು ಚಮಚ ಸಕ್ಕರೆಯನ್ನು ಒಂದಕ್ಕೆ ಇಳಿಸಿದರೆ 50, 60. ರಾತ್ರಿಗೆ 30 ಗ್ರಾಂ ಅಕ್ಕಿ ಕಡಿಮೆ ಹಾಕಿದರೆ ಸುಮಾರು 100. ವಾಚ್ ಹೆಸರಲ್ಲಿ ತಿನ್ನುತ್ತಿದ್ದ ಹೆಚ್ಚುವರಿ ನಿಂತರೆ ಉಳಿದದ್ದು ತುಂಬಿಹೋಗುತ್ತದೆ. ಬೇಳೆ, ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು, ಇವುಗಳನ್ನು ಮಾತ್ರ ಕಡಿಮೆ ಮಾಡಬೇಡಿ. ಪ್ರೋಟೀನ್ ಕಡಿಮೆಯಾದರೆ ಕೊಬ್ಬಿನ ಜೊತೆ ಸ್ನಾಯುವೂ ಹೆಚ್ಚು ಕರಗುತ್ತದೆ.

ಮೂರನೆಯದು, ವಾರಕ್ಕೆ ಎರಡು ಸಲ ಸ್ನಾಯುವಿಗೆ ಕೆಲಸ ಕೊಡಿ. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ತಳ್ಳುವುದು, ನೀರು ತುಂಬಿದ ಬಾಟಲಿ ಎತ್ತುವುದರಿಂದ ಶುರು ಮಾಡಬಹುದು. ವಾಚ್ ಇದಕ್ಕೆ ತೀರಾ ಕಡಿಮೆ ಕ್ಯಾಲೋರಿ ತೋರಿಸುತ್ತದೆ, ಯಾಕೆಂದರೆ ಮಣಿಕಟ್ಟು ಅಷ್ಟಾಗಿ ಅಲುಗುವುದಿಲ್ಲ. ಅಂಕಿ ಚಿಕ್ಕದಿದೆ ಅಂತ ಈ ವ್ಯಾಯಾಮ ಬಿಟ್ಟು ಬರೀ ನಡಿಗೆಗೆ ಅಂಟಿಕೊಂಡವರನ್ನು ಎಷ್ಟೋ ನೋಡಿದ್ದೇನೆ, ಬೇಜಾರಾಗುತ್ತದೆ.

ತೂಕ ನೋಡುವುದು ಬೆಳಿಗ್ಗೆ, ಬಾತ್‌ರೂಮಿಗೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ. ದಿನಾ ನೋಡಿ ವಾರದ ಸರಾಸರಿ ತೆಗೆಯಿರಿ. ಒಂದು ದಿನದ ಅಂಕಿಗೆ ಅರ್ಥ ಇಲ್ಲ. ಹಿಂದಿನ ರಾತ್ರಿ ಉಪ್ಪಿನಕಾಯಿ ಜಾಸ್ತಿ ತಿಂದರೂ ನೀರು ನಿಂತು ತೂಕ ಏರುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲಿ ಒಂದು ಕೆಜಿ ಆಚೀಚೆ ಆಗುವುದು ತೀರಾ ಸಹಜ. ಹಾಗಾಗಿ ಈ ತಿಂಗಳ ಮುಟ್ಟು ಮುಗಿದ ವಾರವನ್ನು ಮುಂದಿನ ತಿಂಗಳ ಅದೇ ವಾರದ ಜೊತೆ ಹೋಲಿಸಿ. ಸೊಂಟದ ಸುತ್ತಳತೆ ಎರಡು ವಾರಕ್ಕೊಮ್ಮೆ ಸಾಕು. ನಮ್ಮ ದೇಶದ ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಹೊಟ್ಟೆಯ ಬೊಜ್ಜು ಅಂತ ಲೆಕ್ಕ.

ನಾಲ್ಕು ವಾರ ಆದ ಮೇಲೆ ಮತ್ತೆ ಮೇಲಿನ ಲೆಕ್ಕ ಹಾಕಿ. ಇಳಿದ ಕೆಜಿಯನ್ನು 7,700ರಿಂದ ಗುಣಿಸಿ ದಿನಗಳಿಂದ ಭಾಗಿಸಿದರೆ ನಿಜವಾದ ಕೊರತೆ ಸಿಗುತ್ತದೆ. ತಿಂಗಳಿಗೆ ಒಂದರಿಂದ ಒಂದೂವರೆ ಕೆಜಿ ಇಳಿದರೆ ತುಂಬಾ ಚೆನ್ನಾಗಿದೆ, ಏನೂ ಬದಲಿಸಬೇಡಿ. ಈ 7,700ರ ಲೆಕ್ಕವೂ ತಿಂಗಳುಗಟ್ಟಲೆ ಒಂದೇ ಥರ ನಡೆಯುವುದಿಲ್ಲ. ತೂಕ ಇಳಿದಂತೆ ಚಿಕ್ಕದಾದ ದೇಹಕ್ಕೆ ಕಡಿಮೆ ಶಕ್ತಿ ಸಾಕು, ದೇಹವೂ ಸ್ವಲ್ಪ ಹಿಡಿತ ಮಾಡುತ್ತದೆ. ಅದಕ್ಕೇ ಮೂರು, ನಾಲ್ಕು ತಿಂಗಳಾದ ಮೇಲೆ ಇಳಿಕೆ ನಿಧಾನವಾಗುತ್ತದೆ. ವಾಚ್‌ನಲ್ಲಿ ನಿಮ್ಮ ತೂಕವನ್ನು ತಿಂಗಳಿಗೊಮ್ಮೆ ತಿದ್ದುತ್ತಿರಿ. ಇಲ್ಲದಿದ್ದರೆ ಅದು ಹಳೆಯ 74 ಕೆಜಿಗೇ ಲೆಕ್ಕ ಹಾಕುತ್ತಿರುತ್ತದೆ.

ಮೊದಲ ಗುರಿ 70 ಕೆಜಿ ಅಂತ ಇಟ್ಟುಕೊಳ್ಳಿ. ಅದು ಶೇ. 5ರಷ್ಟು ಇಳಿಕೆ. ಅಷ್ಟಕ್ಕೇ ರಕ್ತದೊತ್ತಡ, ಸಕ್ಕರೆಯ ಮೇಲೆ ಒಳ್ಳೆಯ ಪರಿಣಾಮ ಕಾಣಿಸತೊಡಗುತ್ತದೆ. ಅಮ್ಮನಿಗೆ ಶುಗರ್ ಇದೆ ಎಂದಿದ್ದೀರಿ, ನಿಮ್ಮ ಬಿಎಂಐ 29.6. ಹಾಗಾಗಿ ನಿಮ್ಮ ಸಕ್ಕರೆಯನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ತೂಕ ಬೇಗ ಇಳಿಯಲಿಲ್ಲ ಅಂತ ನಡಿಗೆಯನ್ನು ಬಿಡಬೇಡಿ. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ ಮಧುಮೇಹದ ಅಂಚಿನಲ್ಲಿದ್ದ 531 ಜನರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಊಟ, ನಡಿಗೆ ಬದಲಿಸಿಕೊಂಡ ಗುಂಪಿನಲ್ಲಿ ಶೇ. 39 ಜನರಿಗೆ ಸಕ್ಕರೆ ಕಾಯಿಲೆ ಬಂತು, ಏನೂ ಬದಲಿಸದ ಗುಂಪಿನಲ್ಲಿ ಶೇ. 55 ಜನರಿಗೆ. ವಿಶೇಷ ಅಂದರೆ ತೂಕ ಹೆಚ್ಚೇನೂ ಇಳಿಯದೆಯೇ ಈ ಲಾಭ ಸಿಕ್ಕಿತು.

ವಾಚ್ ಕಟ್ಟುವ ರೀತಿ ಬಗ್ಗೆ ಚಿಕ್ಕ ಮಾತು. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ, ಅಲುಗದಂತೆ, ಆದರೆ ಗುರುತು ಬೀಳದಂತೆ ಕಟ್ಟಿ. ಬಳೆ ಇಲ್ಲದ ಕೈ ಒಳ್ಳೆಯದು. ಬರೆಯದ ಕೈಗೆ ಕಟ್ಟಿದರೆ ಬೋರ್ಡ್ ಮೇಲೆ ಬರೆದದ್ದು ಹೆಜ್ಜೆಯಾಗುವುದು ಕಡಿಮೆಯಾಗುತ್ತದೆ. ದಿನದ ಹೆಜ್ಜೆಗಿಂತ ವಾರದ ಸರಾಸರಿ ನೋಡಿ, ಈಗಿರುವುದಕ್ಕೆ ದಿನಕ್ಕೆ ಸಾವಿರ ಸೇರಿಸುತ್ತಾ ಹೋಗಿ. ಒಂದು ಗಂಟೆ ಕೂತಲ್ಲೇ ಇದ್ದರೆ ಎಚ್ಚರಿಸುವ ಸೌಲಭ್ಯ ಆನ್ ಮಾಡಿ. ಪೇಪರ್ ತಿದ್ದುವ ದಿನಗಳಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ.

ಎಣ್ಣೆ, ಧಾನ್ಯ ತೂಕ ಮಾಡಿ, 300 ಕಡಿಮೆ ಮಾಡಿದ ಮೇಲೂ ಎರಡು ತಿಂಗಳು ತೂಕ ಅಲುಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮುಟ್ಟು ಏರುಪೇರಾಗುತ್ತಿದ್ದರೆ ಅಥವಾ ಸ್ಟೆರಾಯ್ಡ್, ಮಾನಸಿಕ ಆರೋಗ್ಯದ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಇನ್ನೊಂದು ವಿಷಯ. ಅಂಕಿ ನೋಡಿದರೆ ಭಯವಾಗುವುದು, ಊಟ ಬಿಡುವುದು, ತಿಂದದ್ದಕ್ಕೆ ಶಿಕ್ಷೆ ಅಂತ ರಾತ್ರಿ ನಡೆಯುವುದು ಶುರುವಾದರೆ ವಾಚ್ ಬಿಚ್ಚಿಟ್ಟು ಯಾರ ಹತ್ತಿರವಾದರೂ ಮಾತಾಡಿ. ಇದು ನಾಚಿಕೆ ಪಡುವ ವಿಷಯ ಅಲ್ಲ, ಚಿಕಿತ್ಸೆ ಇದೆ.

ಅಮ್ಮನಿಗೆ ಕೊಡಿಸಬಹುದು. ಕ್ಯಾಲೋರಿಗಾಗಿ ಅಲ್ಲ, ಹೆಜ್ಜೆ ಎಣಿಸಲು. ಸಾಧಾರಣ ಬೆಲೆಯದು, ಅಂಕಿ ದೊಡ್ಡದಾಗಿ ಕಾಣುವಂಥದ್ದು ಸಾಕು. ಹತ್ತು ಸಾವಿರ ಹೆಜ್ಜೆ ಅಂತ ಅವರನ್ನು ಒತ್ತಾಯ ಮಾಡಬೇಡಿ. ಅಮೆರಿಕದಲ್ಲಿ ಸರಾಸರಿ 72 ವರ್ಷದ ಸುಮಾರು 16,700 ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 4,400 ಹೆಜ್ಜೆ ನಡೆದವರಲ್ಲೇ 2,700 ನಡೆದವರಿಗಿಂತ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು. 7,500ರ ಆಚೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಚರ್ಮ ಚುಚ್ಚದೆ ಶುಗರ್ ಅಳೆಯುತ್ತದೆ ಅಂತ ಹೇಳಿ ಮಾರುವ ವಾಚ್, ಉಂಗುರಗಳನ್ನು ಮಾತ್ರ ಕೊಳ್ಳಲೇಬೇಡಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಇದರ ಬಗ್ಗೆ ಜನರನ್ನು ಎಚ್ಚರಿಸಿದೆ. ತಪ್ಪು ಅಂಕಿ ನೋಡಿ ಇನ್ಸುಲಿನ್, ಮಾತ್ರೆ ತಗೊಂಡರೆ ಜೀವಕ್ಕೇ ಅಪಾಯ.

ಅಮ್ಮನ ಬಿಪಿ ಮಾತ್ರೆಗಳಲ್ಲಿ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ್ದು ಇದ್ದರೆ ಅದು ನಾಡಿ ಬಡಿತ ಏರದಂತೆ ಹಿಡಿದಿಡುತ್ತದೆ. ಆಗ ಎಷ್ಟು ನಡೆದರೂ ವಾಚ್ "ಸಾಲದು" ಅನ್ನಬಹುದು. ಅದನ್ನು ನಂಬಿ ಅವರು ಜೋರಾಗಿ ನಡೆಯಬಾರದು. ಏದುಸಿರಿಲ್ಲದೆ ಮಾತಾಡಿಕೊಂಡು ನಡೆಯುವಷ್ಟು ವೇಗ ಸಾಕು. ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ನಡಿಗೆ ಹೆಚ್ಚಿದಂತೆ ಸಕ್ಕರೆ ತೀರಾ ಕೆಳಗಿಳಿಯಬಹುದು. ಬರೀ ಹೊಟ್ಟೆಯಲ್ಲಿ ಕಳಿಸಬೇಡಿ. ಸೆರಗಿಗೋ ಪರ್ಸಿಗೋ ಗ್ಲೂಕೋಸ್ ಅಥವಾ ಸಕ್ಕರೆ ಪೊಟ್ಟಣ ಇಟ್ಟುಕೊಳ್ಳಲಿ. ಮೆತ್ತನೆಯ ಚಪ್ಪಲಿ ಅಥವಾ ಶೂ ಹಾಕಲಿ, ಬಂದ ಮೇಲೆ ಪಾದದಲ್ಲಿ ಗಾಯ, ಬೊಬ್ಬೆ ಇದೆಯಾ ಅಂತ ನೀವೇ ನೋಡಿ. ಹೊಸದಾಗಿ ನಡಿಗೆ ಶುರು ಮಾಡುವ ಮುಂಚೆ ಅವರ ಮಾತ್ರೆ ಚೀಟಿ ಹಿಡಿದು ಒಮ್ಮೆ ಡಾಕ್ಟರ್ ಹತ್ತಿರ ಹೋಗಿ ಬನ್ನಿ. ನಡಿಗೆ ಜಾಸ್ತಿಯಾದರೆ ಡೋಸ್ ಬದಲಿಸಬೇಕಾ ಅಂತ ಆಗಲೇ ಕೇಳಿಬಿಡಿ.